ಚಕ್ರದ ಅರ್ಧ ಸುತ್ತು

ಮನುಷ್ಯ ಇಂಥಲ್ಲಿ ವಾಸವಾಗಿದ್ದಾನೆ ಎನ್ನುವುದಕ್ಕೆ ಕಾಗದದ ಸಾಕ್ಷಿ ಬೇಡ, ಬಿಸಿಲಿನ ಸಾಕ್ಷಿ ಸಾಕು ಎಂದು ಸರಕಾರವೊಂದು ತೀರ್ಮಾನಿಸಿದರೆ ಏನಾದೀತು? ಕಾಗದವನ್ನು ತಿದ್ದಬಹುದು, ಸೂರ್ಯನನ್ನು ತಿದ್ದಲಾಗದು ಎಂಬುದು ಆ ಕಾನೂನು ತಂದವರ ವಾದ. ಕೇಳುವುದಕ್ಕೆ ಚೆಂದವಾಗಿಯೇ ಇತ್ತು. ಚಾವಣಿಯ ಮೇಲೆ ಸೌರ ಫಲಕ ಹಾಕಿಕೊಳ್ಳಿ. ಅದರೊಳಗಿನ ಚಿಪ್ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಏರಿ ಇಳಿಯುವುದನ್ನು ಒಂದು ಗೆರೆಯಾಗಿ ಬರೆದುಕೊಳ್ಳುತ್ತದೆ. ಇಪ್ಪತ್ತೊಂದು ದಿನ ಬಿಡದೆ ಅದೇ ಗೆರೆ ಬಂದರೆ ನೀವು ಅಲ್ಲಿಯವರು. ಬಾಗಿಲಿಗೆ ನೆಲೆ ಸಂಖ್ಯೆ ಬರುತ್ತದೆ. ಬರದಿದ್ದರೆ ನೀವು ಎಲ್ಲಿಯವರೂ ಅಲ್ಲ.

ಗದಗದ ಹೊರಗೆ, ಮುಂಡರಗಿ ರಸ್ತೆಯ ಹಳೆಯ ಬಸ್ ಡಿಪೊದಲ್ಲಿ ಹತ್ತೊಂಬತ್ತು ಮನೆಗಳಿದ್ದವು. ಹತ್ತೊಂಬತ್ತು ಮನೆ ಎಂದರೆ ಹತ್ತೊಂಬತ್ತು ಬಸ್ಸು. ಡ್ರೈವರ್ ಇಲ್ಲದೆ ಓಡುವ ಬಸ್ಸುಗಳು ರಸ್ತೆಗಿಳಿದ ವರ್ಷ ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಮೆಕ್ಯಾನಿಕ್ಕುಗಳಿಗೆ ಕೆಲಸ ಹೋಯಿತು. ಕೆಲಸದ ಬೆನ್ನಿಗೇ ಕ್ವಾರ್ಟರ್ಸೂ ಹೋಯಿತು. ಗುಜರಿಗೆಂದು ಸಾಲಾಗಿ ನಿಲ್ಲಿಸಿದ್ದ ಬಸ್ಸುಗಳಿಗೆ ಅವರೆಲ್ಲ ಟ್ರಂಕು, ಸ್ಟೋವು, ಮಕ್ಕಳು ಮರಿ ಸಮೇತ ಹತ್ತಿದರು. ಇಳಿಸುವವರು ಬಂದಾಗ ಇಳಿಯಲಿಲ್ಲ. ಕೊನೆಗೆ ನೋಟೀಸು ಅಂಟಿತು: ಈ ತಿಂಗಳ ಮೂವತ್ತರೊಳಗೆ ನೆಲೆ ಸಂಖ್ಯೆ ಪಡೆದ ಬಸ್ಸು ಮನೆ, ಪಡೆಯದ್ದು ಅಲೆಮಾರಿ ವಾಹನ. ಅಲೆಮಾರಿ ವಾಹನವನ್ನು ಕ್ರೇನು ಎತ್ತಿಕೊಂಡು ಹೋಗಿ ಜಜ್ಜುವ ಯಂತ್ರದ ಬಾಯಿಗೆ ಹಾಕುತ್ತದೆ.

ಹದಿನೆಂಟು ಬಸ್ಸುಗಳಿಗೆ ಸಂಖ್ಯೆ ಬಂದಿತ್ತು. ಉಳಿದದ್ದು ಒಂದೇ. ಆ ಹದಿನೆಂಟಕ್ಕೂ ತಾನೇ ಕೈಯಾರೆ ವೈರಿಂಗ್ ಮಾಡಿಕೊಟ್ಟಿದ್ದ ಹುಲಿಗೆವ್ವನ ಬಸ್ಸು.

ತಿಂಗಳ ಇಪ್ಪತ್ತೊಂದು, ಸೋಮವಾರ. ಸಂಜೆ ಕೆಲಸದಿಂದ ಬಂದ ಹುಲಿಗೆವ್ವ ಮೆಟ್ಟಿಲು ಹತ್ತಿ ಸ್ವಿಚ್ಚು ಒತ್ತಿದಳು. ಬೆಳಕು ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಬರಲಿಲ್ಲ.

"ಮತ್ತ ಹೋತೇನ?" ಡ್ರೈವರ್ ಸೀಟಿನಲ್ಲಿ ಕೂತಿದ್ದ ಅವಳ ಅಪ್ಪ ಫಕೀರಪ್ಪ ತಿರುಗದೆಯೇ ಕೇಳಿದ. ಮೂವತ್ತನಾಲ್ಕು ವರ್ಷ ಅಂಥದೇ ಸೀಟಿನಲ್ಲಿ ಕೂತು ರೂಢಿಯಾದ ಬೆನ್ನು. ಬೇರೆ ಯಾವ ಕುರ್ಚಿಗೂ ಅದು ಒಗ್ಗುತ್ತಿರಲಿಲ್ಲ. "ಇವತ್ತ ಸೋಮವಾರ ಅಲ್ಲೇನು. ಪಾಪ, ಸೋಲಾರ್ ಪ್ಲೇಟಿಗೂ ವಾರದ ರಜಾ ಬ್ಯಾಡೇನು?"

ಅವಳಿಗೆ ನಗು ಬರಲಿಲ್ಲ. ಡ್ರೈವರ್ ಸೀಟಿನ ಹಿಂದೆ, ಒಂದು ಕಾಲಕ್ಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿದ್ದ ಜಾಗದಲ್ಲಿ, ಚಾರ್ಜ್ ಕಂಟ್ರೋಲರು ಕೂಡಿಸಿದ್ದಳು. ಅದರ ಕಣ್ಣು ಕೆಂಪಗಿತ್ತು. ಫಲಕ ಕರೆಂಟು ಕೊಡುತ್ತಿಲ್ಲ. ಚಿಪ್ಪಿಗೆ ಅನುಮಾನ ಬಂದರೆ ಅದು ಹಾಗೆಯೇ: ಮೊದಲು ಕರೆಂಟು ಕಟ್ ಮಾಡುತ್ತದೆ, ಮರುದಿನ ಸಂಜೆ ತೀರ್ಪು ಬರುತ್ತದೆ, ತೀರ್ಪಿನ ಬೆನ್ನಿಗೆ ಎಣಿಕೆ ಸೊನ್ನೆಗೆ ಇಳಿಯುತ್ತದೆ. ನಾಲ್ಕು ತಿಂಗಳಿನಿಂದ ಇದೇ ಹಾಡು. ಆರು ದಿನ ಸರಿ, ಸೋಮವಾರ ಅನುಮಾನ. ಆರು ದಿನ ಸರಿ, ಸೋಮವಾರ ಅನುಮಾನ.

ಅವಳು ಮಾಡದ ಕೆಲಸ ಉಳಿದಿರಲಿಲ್ಲ. ಬಸ್ಸಿನ ನೆತ್ತಿಯ ಲಗೇಜ್ ಕ್ಯಾರಿಯರಿಗೆ ಕಬ್ಬಿಣದ ಪಟ್ಟಿ ಬಿಗಿದು ನಾಲ್ಕು ಫಲಕ ಕೂಡಿಸಿದ್ದಳು. ಮೊದಲು ನಾಲ್ಕನ್ನೂ ಸರಪಳಿಯಂತೆ ಒಂದರ ಬಾಲಕ್ಕೊಂದು ಜೋಡಿಸಿದ್ದಳು. ಒಂದರ ಮೇಲೆ ನೆರಳು ಬಿದ್ದರೂ ನಾಲ್ಕೂ ಸೊರಗುತ್ತವಲ್ಲ ಎಂದು ಅದನ್ನು ಬಿಚ್ಚಿ, ಎರಡೆರಡು ಜೋಡಿಯನ್ನು ಅಕ್ಕಪಕ್ಕ ಕಟ್ಟಿದಳು. ಡಯೋಡು ಬದಲಿಸಿದಳು. ಕಿಟಕಿಯ ರಬ್ಬರಿನ ಸಂದಿನಲ್ಲಿ ಇಳಿಸಿದ್ದ ಕೆಂಪು ಕಪ್ಪು ವೈರುಗಳ ತುದಿ ತುದಿ ಬಿಚ್ಚಿ ಉಜ್ಜಿ ಮತ್ತೆ ಕಟ್ಟಿದಳು. ಪ್ರತಿ ಭಾನುವಾರ ಮೀಟರು ಹಿಡಿದು ನೆತ್ತಿಯ ಮೇಲೆ ಕೂತಿರುತ್ತಿದ್ದಳು. ಭಾನುವಾರ ಎಲ್ಲ ಸರಿಯಿರುತ್ತಿತ್ತು. ಸೋಮವಾರ ಕೆಡುತ್ತಿತ್ತು.

ಇನ್ನೂ ಒಂದು ಒಗಟು. ಸೋಮವಾರ ಸಂಜೆ ಬ್ಯಾಟರಿಯೂ ಸೋತಿರುತ್ತಿತ್ತು. ಹಗಲು ಮನೆಯಲ್ಲಿ ಅಪ್ಪ ಒಬ್ಬನೇ; ಫ್ಯಾನು ಕೂಡ ಹಾಕಿಕೊಳ್ಳದ ಮನುಷ್ಯ. ಹಾಗಾದರೆ ಕರೆಂಟು ಸೋರುವುದೆಲ್ಲಿ? ಬಸ್ಸಿನ ಮೈಯೆಲ್ಲ ಮೀಟರಿಟ್ಟು ತಡಕಿದಳು. ಅಡುಗೆ ಮೂಲೆಯ ಮೇಲಿದ್ದ, 'ಮಹಿಳೆಯರಿಗೆ ಮೀಸಲು' ಎಂದು ಬರೆದ ತಗಡನ್ನೂ ಬಿಚ್ಚಿ ಹಿಂದೆ ನೋಡಿದಳು. ಅಲ್ಲಿ ಒಂದು ಹಲ್ಲಿ ಮಾತ್ರ ಇತ್ತು.

ಎಂಟು ದಿನದ ಹಿಂದೆ ದಪ್ಪನೆಯ ಹೊಸ ಕೇಬಲ್ ಎಳೆದಿದ್ದಳು. ಆ ವಾರ ಅಪ್ಪನಿಗೆ ಮೈ ಸುಡುವ ಜ್ವರ, ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆ ಸೋಮವಾರ ಮಾತ್ರ ಬೆಳಕು ಹೋಗಲಿಲ್ಲ. ಎಣಿಕೆ ಏಳು ದಾಟಿತು, ಹತ್ತು ದಾಟಿತು, ನಿನ್ನೆಗೆ ಹದಿಮೂರು ಮುಟ್ಟಿತ್ತು. ಕೇಬಲ್ಲೇ ಮದ್ದು ಎಂದು ಅವಳು ಸಾಲಿನವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಮತ್ತೆ ಕೆಂಪು ಕಣ್ಣು. ಎಣಿಕೆ ಸೊನ್ನೆಗಿಳಿದರೆ ಮತ್ತೆ ಇಪ್ಪತ್ತೊಂದು ದಿನ ಬೇಕು. ಉಳಿದಿರುವುದು ಒಂಬತ್ತು.

"ಯಪ್ಪಾ, ನನಗ ಏನೂ ತಿಳೀವಲ್ದು," ಅಂದಳು.

"ತಿಳೀದಿದ್ರ ಊಟ ಮಾಡು. ತಿಳದವ್ರೂ ಅದನ್ನ ಮಾಡ್ತಾರ," ಅಂದ ಫಕೀರಪ್ಪ.

ಹುಲಿಗೆವ್ವ ಕೆಲಸ ಮಾಡುತ್ತಿದ್ದದ್ದು ಊರೊಳಗಿನ ನೆಲೆ ಮಂಡಳಿಯ ನಿಗಾ ಕೋಣೆಯಲ್ಲಿ. ಗುತ್ತಿಗೆಯ ಕೆಲಸ. ಹನ್ನೆರಡು ಜನ ಹನ್ನೆರಡು ಪರದೆಗಳ ಮುಂದೆ ಕೂತಿರುತ್ತಾರೆ. ಜಿಲ್ಲೆಯ ಯಾವುದೋ ಚಾವಣಿಯ ಮೇಲೆ ಯಾವುದೋ ಚಿಪ್ಪಿಗೆ ಅನುಮಾನ ಬಂದರೆ ಪರದೆಯ ಮೇಲೆ ಎರಡು ಗೆರೆ ಮೂಡುತ್ತವೆ: ಒಂದು ಹಿಂದಿನ ದಿನಗಳದ್ದು, ಇನ್ನೊಂದು ನಿನ್ನೆಯದು. ಎರಡನ್ನೂ ಹೋಲಿಸಿ ಒಂದು ಗುಂಡಿ ಒತ್ತಬೇಕು. 'ಸರಿದಿದೆ', ಇಲ್ಲವೆ 'ಸರಿದಿಲ್ಲ'. ಯಾವ ಊರು, ಯಾರ ಮನೆ, ಏನೂ ಇರುವುದಿಲ್ಲ. ಯಾರ ಮನೆಯೆಂದು ತಿಳಿದರೆ ಕರುಣೆ ಹುಟ್ಟುತ್ತದೆ, ಕರುಣೆ ಹುಟ್ಟಿದರೆ ಕೆಲಸ ಕೆಡುತ್ತದೆ ಎಂದು ಮಂಡಳಿ ಅದನ್ನು ಅಳಿಸಿಟ್ಟಿತ್ತು. ಬಡವರನ್ನು ಹೊರಗೆ ಹಾಕುವ ಗುಂಡಿಗೆ ಬಡವರದೇ ಬೆರಳು ಹಚ್ಚಿ, ಕಣ್ಣಿಗೆ ಮಾತ್ರ ಪಟ್ಟಿ ಕಟ್ಟುವ ವ್ಯವಸ್ಥೆ ಅದು.

ಮಂಗಳವಾರ ಬೆಳಿಗ್ಗೆ ಅವಳ ಪರದೆಯ ಮೇಲೆ ಒಂಬತ್ತನೆಯದಾಗಿ ಬಂದ ಗೆರೆ ಅವಳಿಗೆ ಪರಿಚಯದ್ದು. ಅಂಥ ಗೆರೆ ಮಂಗಳವಾರಗಳಂದು ಆಗಾಗ ಬರುತ್ತಿತ್ತು. ಸಂಜೆಯ ಇಳಿಜಾರಿನಲ್ಲಿ ಒಂದು ಸಣ್ಣ ಕಚ್ಚು, ಅದರ ಹಿಂದೆಯೇ ಒಂದು ದೊಡ್ಡ ಕಚ್ಚು, ಇಲಿಯೊಂದು ಕಡಿದು, ಹಿಂದೆ ಬಂದ ಹೆಗ್ಗಣ ಕಡಿದ ಹಾಗೆ. ಹಳೆಯ ಗೆರೆಯಲ್ಲಿ ಕಚ್ಚು ಬೀಳುವುದು ನಾಲ್ಕು ಇಪ್ಪತ್ತಕ್ಕೆ. ನಿನ್ನೆಯದರಲ್ಲಿ ಹನ್ನೆರಡು ನಿಮಿಷ ಮುಂಚೆ. ಫಲಕ ಜಾಗ ಬದಲಿಸಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಿಂದೆಲ್ಲ ಅವಳು ಎರಡನೇ ಸಲ ನೋಡದೆ 'ಸರಿದಿದೆ' ಒತ್ತಿದ್ದಳು.

ಈ ಸಲವೂ ಬೆರಳು ಹೋಯಿತು. ಗುಂಡಿಯ ಮೇಲೆ ನಿಂತಿತು.

ಮೊನ್ನೆ ಭಾನುವಾರ ಬಸ್ಸಿನ ನೆತ್ತಿಯ ಮೇಲೆ ಕೂತಿದ್ದಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಆಗ ತೆಳ್ಳನೆಯ ನೆರಳೊಂದು ಅವಳ ಮೊಣಕೈ ಮೇಲೆ ಹಾದು ಹೋಗಿತ್ತು: ಡಿಪೊದ ನೀರಿನ ಟ್ಯಾಂಕಿನ ತಲೆಯ ಮೇಲೆ ನಿಂತಿರುವ ಹಳೆಯ ಸೈರನ್ನಿನ ಕಂಬದ್ದು. ಅದು ದಾಟಿದ ಬಳಿಕ ಟ್ಯಾಂಕಿನ ದಪ್ಪ ನೆರಳು ಬಂದು ಮೈಯೆಲ್ಲ ತಂಪಾಗಿತ್ತು. ಹಾಯೆನಿಸಿ ಟೈಮು ನೋಡಿದ್ದಳು. ನಾಲ್ಕು ಇಪ್ಪತ್ತು.

ಮೊದಲು ಸೈರನ್ನು, ಆಮೇಲೆ ಟ್ಯಾಂಕು. ಮೊದಲು ಇಲಿ, ಆಮೇಲೆ ಹೆಗ್ಗಣ.

ನಾಲ್ಕು ತಿಂಗಳಿನಿಂದ ಭಾನುವಾರ ಭಾನುವಾರ ತಾನು ಕಟ್ಟಿದ ಮನೆಯನ್ನು ಮಂಗಳವಾರ ಮಂಗಳವಾರ ತಾನೇ ಕೆಡವುತ್ತ ಬಂದಿದ್ದಳು. ಆದರೂ ಗೊಂದಲ ಬಗೆಹರಿಯಲಿಲ್ಲ, ಇನ್ನಷ್ಟು ಸಿಕ್ಕಾಯಿತು. ಟ್ಯಾಂಕು ನಡೆಯುವುದಿಲ್ಲ. ಸೂರ್ಯನಿಗೆ ಅವಸರವಿಲ್ಲ. ನಿಂತ ಬಸ್ಸು ಸರಿಯುವುದು ಹೇಗೆ?

"ಸರ್," ಎಂದು ಮೇಲ್ವಿಚಾರಕ ಕೊಣ್ಣೂರ ಸಾಹೇಬರ ಟೇಬಲ್ಲಿಗೆ ಹೋದಳು. "ಚಿಪ್ ಗೊಂದಲ ಮಾಡ್ಕೊಳ್ಳೂದು ಇರತೈತೇನ್ರಿ?"

ಕೊಣ್ಣೂರರು ಕನ್ನಡಕದ ಮೇಲಿನಿಂದ ನೋಡಿದರು. "ಗೊಂದಲ ಮನಷ್ಯಾರಿಗೆ ಇರತೈತಿ, ಹುಲಿಗೆವ್ವ. ಮಷೀನು ಸುಳ್ಳು ಹೇಳೂದಿಲ್ಲ. ಹೋಗಿ ಕೆಲಸ ನೋಡು."

ಅವಳು ಹೋಗಿ ಆ ಗೆರೆಯನ್ನು ಪಟ್ಟಿಯ ಕೊನೆಗೆ ತಳ್ಳಿದಳು. ಐದು ಗಂಟೆಯೊಳಗೆ ಒತ್ತಲೇಬೇಕು. ಸುಳ್ಳೇ 'ಸರಿದಿಲ್ಲ' ಒತ್ತುವಂತಿಲ್ಲ. ಒತ್ತಿದರೆ ಯಂತ್ರ ಕಾರಣ ಕೇಳುತ್ತದೆ, ಕಾರಣ ತಾಳೆಯಾಗದಿದ್ದರೆ ಅವಳ ಕೆಲಸವೂ ಹೋಗುತ್ತದೆ, ಮನೆಯೂ ಉಳಿಯುವುದಿಲ್ಲ. ಮಧ್ಯಾಹ್ನದ ಊಟದ ಬಿಡುವಿಗೆ ಗಂಟೆ ಆದದ್ದೇ ಸೈಕಲ್ ಹತ್ತಿ ಡಿಪೊದ ಕಡೆ ತುಳಿದಳು.

ಬಂದವಳೇ ಟೈರಿನ ಬಳಿ ಕುಕ್ಕರಗಾಲಲ್ಲಿ ಕೂತಳು. ನೆಲದಲ್ಲಿ ಟೈರು ಒತ್ತಿ ನಿಂತ ಗುಳಿ ಇತ್ತು. ಟೈರು ಮಾತ್ರ ಅದರೊಳಗೆ ಇರಲಿಲ್ಲ. ಐದೂವರೆ ಅಡಿ ಮುಂದೆ, ಇನ್ನೊಂದು ಗುಳಿಯಲ್ಲಿ ನಿಂತಿತ್ತು. ಎರಡೂ ಗುಳಿ ಸವೆದು ನುಣ್ಣಗಾಗಿದ್ದವು. ನಾಲ್ಕು ತಿಂಗಳು ನೆತ್ತಿಯ ಮೇಲೆ ತಡಕಾಡಿದವಳು ಒಮ್ಮೆಯೂ ಕಾಲಬುಡ ನೋಡಿರಲಿಲ್ಲ.

"ಯಪ್ಪಾ, ಬಸ್ ಯಾರು ಸರಿಸಿದ್ರು?"

"ಯಾರು ಅಂದ್ರ? ನಾನ," ಅಂದ ಫಕೀರಪ್ಪ ಕಿಟಕಿಯಿಂದ.

"ನೀನ? ಯಾವಾಗ?"

"ಸೋಮವಾರಕ್ಕೊಮ್ಮೆ. ಗಾಡಿ ನಿಂತಲ್ಲೇ ನಿಂತ್ರ ಟೈರು ಕುಂದರ್ತಾವ. ಒಂದ ಮಗ್ಗಲಾಗ ಮಲಗಿದ ರೋಗಿಗೆ ಹುಣ್ಣ ಆಗೂದಿಲ್ಲೇನು, ಹಂಗ. ಅರ್ಧ ಸುತ್ತು ಮುಂದ, ಮುಂದಿನ ವಾರ ಅರ್ಧ ಸುತ್ತು ಹಿಂದ. ನಾ ಡಿಪೊ ಸೇರಿದ ದಿನ ಕಲಿಸಿದ ಮದಲನೇ ಪಾಠ ಇದು."

"ಡೀಸೆಲ್ ಎಲ್ಲೈತಿ?"

"ಡೀಸೆಲ್ ಯಾಕ ಬೇಕು? ಗೇರಿಗೆ ಹಾಕಿ ಸೆಲ್ಫ್ ಸ್ಟಾರ್ಟರ್ ಹೊಡದ್ರ ಬ್ಯಾಟರಿ ಮ್ಯಾಲ ಎಳಕೊಂಡು ಹೊಕ್ಕತಿ."

ಬ್ಯಾಟರಿ ಸೋರುತ್ತಿದ್ದದ್ದು ಎಲ್ಲಿಗೆಂದೂ ತಿಳಿಯಿತು. ಜ್ವರದ ವಾರ ಬೆಳಕು ಉಳಿದದ್ದು ಕೇಬಲ್ಲಿನ ಪುಣ್ಯದಿಂದಲ್ಲ ಎಂದೂ ತಿಳಿಯಿತು. ಹುಲಿಗೆವ್ವ ನಗಬೇಕೋ ಅಳಬೇಕೋ ತಿಳಿಯದೆ ಟೈರಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. "ನನಗ ಒಂದ ಮಾತು ಹೇಳಬಾರದಿತ್ತೇನು?"

"ಹೇಳೂದೇನೈತಿ ಅದರಾಗ? ನೀ ಮ್ಯಾಲಿನ ಕೆಲಸ ಮಾಡ್ದಿ, ನಾ ಕೆಳಗಿನ ಕೆಲಸ ಮಾಡೀನಿ. ನಾ ಯಾವತ್ತರ ನಿನ್ನ ವೈರಿಗೆ ಕೈ ಹಚ್ಚೀನೇನು?"

ಪಕ್ಕದ ಬಸ್ಸಿನಿಂದ ಮೆಹಬೂಬಿ ಇಳಿದು ಬಂದಳು. ಇಪ್ಪತ್ತು ವರ್ಷ ಕಂಡಕ್ಟರಾಗಿದ್ದವಳು. ಸೀಟಿ ಇನ್ನೂ ಕೊರಳಲ್ಲೇ ಇರುತ್ತಿತ್ತು. "ನಿನಗ ಗೊತ್ತಿರಲಿಲ್ಲೇನ್ ತಂಗಿ? ಸಾಲಿನಾಗ ಎಲ್ಲಾರಿಗೂ ಗೊತ್ತು. ಕಾಕಾ ಸೆಲ್ಫ್ ಹೊಡದ ಸಪ್ಪಳ ಕೇಳೇ ನಾವು ಸೋಮವಾರ ಅಂತ ತಿಳ್ಕೋತೀವಿ."

ಹುಲಿಗೆವ್ವ ಎಲ್ಲವನ್ನೂ ಹೇಳಿದಳು. ಗೆರೆ, ಕಚ್ಚು, ಐದು ಗಂಟೆ, ಒಂಬತ್ತು ದಿನ. ಹೇಳುತ್ತ ಹೋದಂತೆ ಫಕೀರಪ್ಪ ಸೀಟಿನಿಂದ ಇಳಿದು ಬಂದು ಮಗಳ ಎದುರು ನಿಂತ. ಅವನ ಕೈ ಸುಮ್ಮನೆ ಗಾಳಿಯಲ್ಲಿ ಸ್ಟಿಯರಿಂಗ್ ಹುಡುಕುತ್ತಿತ್ತು.

"ಈಗ ಹಿಂದ ತಗೋತೀನಿ. ಅರ್ಧ ಸುತ್ತು. ಮದ್ಲಿನ ಜಾಗಾಕ್ಕ."

"ಬ್ಯಾಡ. ಮತ್ತೊಮ್ಮೆ ಸರಿದಂಗ ಆಕ್ಕತಿ. ಆ ಚಿಪ್ಪಿಗೆ ತಂದಿಟ್ಟವನೂ ಕಳ್ಳನ, ಒಯ್ದವನೂ ಕಳ್ಳನ."

"ಹಂಗಾದ್ರ ಮೋಡ ಬಂದಾಗ ಗೆರಿ ಕೆಡೂದಿಲ್ಲೇನು?" ಅಂದಳು ಮೆಹಬೂಬಿ. "ಆವಾಗ ಯಾಕ ನಮ್ಮನ್ನ ಕಳ್ಳರು ಅನ್ನೂದಿಲ್ಲ?"

"ಮೋಡ ಎಲ್ಲಾರ ಮ್ಯಾಲೂ ಬರತೈತಿ, ಅಕ್ಕಾ. ಆಜೂಬಾಜೂ ಅರ್ಧಕ್ಕಿಂತ ಹೆಚ್ಚು ಪ್ಲೇಟಿನ ಗೆರಿ ಎರಡು ದಿನದೊಳಗ ಒಂದ ನಮೂನಿ ಬದಲಾದ್ರ, ತಪ್ಪು ಪ್ಲೇಟಿಂದಲ್ಲ, ಆಕಾಶದ್ದು ಅಂತ..."

ಹುಲಿಗೆವ್ವ ಮಾತು ನಿಲ್ಲಿಸಿದಳು. ಸಾಲಿನ ಉದ್ದಕ್ಕೂ ನೋಡಿದಳು. ಹತ್ತೊಂಬತ್ತು ಬಸ್ಸುಗಳು. ಪಡುವಣಕ್ಕೆ ಟ್ಯಾಂಕು, ಬೇವಿನ ಮರಗಳ ಸಾಲು, ಹಳೆಯ ಡೀಸೆಲ್ ಬಂಕಿನ ಚಾವಣಿ. ಪ್ರತಿ ಬಸ್ಸಿನ ಮೇಲೂ ಸಂಜೆ ಏನಾದರೊಂದರ ನೆರಳು.

ಮೆಹಬೂಬಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಸೀಟಿ ಬಾಯಿಗಿಟ್ಟು ಊದಿದಳು. ಬಸ್ಸುಗಳಿಂದ ಜನ ಇಳಿದರು.

ಒಪ್ಪಿಸುವುದು ಮಾತ್ರ ಸುಲಭವಾಗಲಿಲ್ಲ. "ನಮ್ಮ ನಂಬರ್ ಬಂದೈತಿ," ಅಂದ ಮೆಕ್ಯಾನಿಕ್ ಈರಪ್ಪ. "ಬಾಗಲ ಮ್ಯಾಲ ಬಣ್ಣದಾಗ ಬರಸೀನಿ. ಗಾಡಿ ಸರಿಸಿ ಅದೂ ಹೋದ್ರ? ಖಾತ್ರಿ ಐತೇನ್ ಇದು, ತಂಗಿ?"

"ಖಾತ್ರಿ ಇಲ್ಲ, ಈರಪ್ಪಣ್ಣ," ಅಂದಳು ಹುಲಿಗೆವ್ವ. "ಆ ನಿಯಮ ಮಾಡಿದ್ದು ಮೋಡಕ್ಕ. ಬಸ್ಸಿಗೆ ನಡೀತೈತೋ ಇಲ್ಲೋ ನನಗ ಗೊತ್ತಿಲ್ಲ. ನಡೀಲಿಲ್ಲ ಅಂದ್ರ ನಿಮ್ಮದೂ ಸೊನ್ನೀಗೆ ಬರತೈತಿ."

ಅವಳು ಸುಳ್ಳು ಹೇಳಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತೇನೋ.

ಫಕೀರಪ್ಪ ಕೈ ಮುಗಿದ. "ಬ್ಯಾಡ್ರೋ. ನನ್ನ ತಪ್ಪಿಗೆ ಹದಿನೆಂಟು ಮನಿ ಯಾಕ? ನನ್ನ ಗಾಡಿ ಒಯ್ಲಿ."

"ಕಾಕಾ, ಸುಮ್ನ ನಿಂದರು," ಅಂದಳು ಮೆಹಬೂಬಿ. ಆಮೇಲೆ ಈರಪ್ಪನ ಕಡೆ ತಿರುಗಿದಳು. "ಇವತ್ತ ಅವರ ಗಾಡಿ ಒಯ್ತಾರ. ಸಾಲಿನಾಗ ಒಂದು ಹಲ್ಲು ಬೀಳ್ತೈತಿ. ಒಂದು ಬಿದ್ದ ಬಾಯಾಗ ಉಳಿದವು ಎಷ್ಟ ದಿವಸ ಇರ್ತಾವ ಹೇಳು. ಇನ್ನ, ನಿನ್ನ ನಂಬರಿನ ವೈರು ಯಾರು ಎಳದ್ರು? ಸುಡು ಸುಡು ಬಸ್ಸಿನ ಟಪ್ಪಿನ ಮ್ಯಾಲ ಮೊಣಕಾಲ ಊರಿ?"

ಈರಪ್ಪ ಬಾಗಿಲಿನ ಬಣ್ಣದ ಕಡೆ ಒಮ್ಮೆ ನೋಡಿದ. ಲುಂಗಿ ಎತ್ತಿ ಕಟ್ಟಿದ.

ಮೊದಲು ಅವನದೇ ಬಸ್ಸಿಗೆ ಹನ್ನೆರಡು ಜನ ಹೆಗಲು ಕೊಟ್ಟರು. ಫಕೀರಪ್ಪನದನ್ನು ಬಿಟ್ಟು ಉಳಿದ ಬಸ್ಸುಗಳ ಎಂಜಿನ್ನುಗಳನ್ನು ಗುಜರಿಯವರು ಆಗಲೇ ಕಿತ್ತುಕೊಂಡು ಹೋಗಿದ್ದರು, ಹಗುರಾದರೂ ಆಗಿರಬೇಕಿತ್ತು. ಬಸ್ಸು ಅಲುಗಲಿಲ್ಲ. ಟೈರುಗಳು ಕೂತುಬಿಟ್ಟಿದ್ದವು. ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಮಣ್ಣಿಗೆ ಅಂಟಿಕೊಂಡು, ಬೇರು ಬಿಟ್ಟ ಹಾಗೆ. ಫಕೀರಪ್ಪ ಹಾರೆ ತಂದು ಚಕ್ರದ ಬುಡಕ್ಕೆ ಕೊಟ್ಟು ಮೀಟಿದ. "ಹೇಳಿದ್ದೆ, ಕುಂದರ್ತಾವ ಅಂತ. ನನ್ನ ಮಾತು ಯಾರಿಗೆ ಬೇಕಾಗಿತ್ತು," ಎಂದು ಗೊಣಗುತ್ತಲೇ ಮೀಟಿದ. ಮೆಹಬೂಬಿಯ ಸೀಟಿಗೆ ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿದು ತಳ್ಳಿದರು. ಬಸ್ಸು ನರಳಿ, ಕಿತ್ತುಕೊಂಡು, ಅರ್ಧ ಸುತ್ತು ಉರುಳಿ ನಿಂತಿತು. ಒಳಗೆ ಯಾರದೋ ಕೊಡ ಉರುಳಿದ ಸದ್ದು ಕೇಳಿಸಿತು.

ಎರಡು ಮುಗಿಸುವಷ್ಟರಲ್ಲಿ ಹುಲಿಗೆವ್ವನ ಬಿಡುವು ಮುಗಿದಿತ್ತು. ಹತ್ತಾದರೂ ಸರಿಯಬೇಕು ಎಂದು ಹೇಳಿ ಸೈಕಲ್ ಹತ್ತಿದಳು.

ನಾಲ್ಕು ಗಂಟೆಯಿಂದ ಅವಳ ಕಣ್ಣು ಪರದೆ ಬಿಟ್ಟು ಅಲ್ಲಾಡಲಿಲ್ಲ. ಕೊಣ್ಣೂರರು ಬೆನ್ನ ಹಿಂದೆ ಬಂದು ನಿಂತಿದ್ದು ಕೂಡ ಗೊತ್ತಾಗಲಿಲ್ಲ.

"ಒಂದು ಬಾಕಿ ಐತಲ್ಲ? ಒತ್ತು ಬಡಬಡ."

"ಐದಕ್ಕ ಇನ್ನೂ ಟೈಮ್ ಐತ್ರಿ."

ನಾಲ್ಕು ಹತ್ತಕ್ಕೆ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಮೂಡಿತು: ಅದೇ ಆವರಣದಲ್ಲಿ ಇನ್ನೊಂದು ಫಲಕಕ್ಕೆ ಅನುಮಾನ. ಆಮೇಲೆ ಇನ್ನೊಂದು. ನಾಲ್ಕು ಮೂವತ್ತಕ್ಕೆ ಅವಳದೂ ಸೇರಿ ಆರಾದವು. ಅಲ್ಲಿಗೆ ನಿಂತಿತು. ತಳ್ಳಲಾಗಲಿಲ್ಲವೋ, ಯಾರಾದರೂ ಹಿಂದೆ ಸರಿದರೋ? ಹಿಂದೆ ಸರಿದರೆ ತಪ್ಪೆನ್ನುವಂತಿರಲಿಲ್ಲ. ತಲೆಯ ಮೇಲಿನ ತಗಡನ್ನು ಇನ್ನೊಬ್ಬರಿಗಾಗಿ ಯಾರು ಪಣಕ್ಕಿಡುತ್ತಾರೆ? ನಾಲ್ಕು ನಲವತ್ತಕ್ಕೆ ಏಳು, ಎಂಟು. ಬೇವಿನ ಸಾಲಿನ ನೆರಳು ಈಗ ಮುಟ್ಟಿರಬೇಕು. ಒಂಬತ್ತು. ನಾಲ್ಕು ಐವತ್ತೆರಡಕ್ಕೆ ಹತ್ತನೆಯದು, ಅದರ ಬೆನ್ನಿಗೆ, ಕೋಳಿಮರಿಗಳು ಬಾಗಿಲು ತೆರೆದಾಗ ನುಗ್ಗುವಂತೆ, ಉಳಿದ ಒಂಬತ್ತೂ.

ಹತ್ತೊಂಬತ್ತಕ್ಕೆ ಹತ್ತೊಂಬತ್ತು.

ಹುಲಿಗೆವ್ವ 'ಸರಿದಿಲ್ಲ' ಒತ್ತಿದಳು. ಯಂತ್ರ ಕಾರಣ ಕೇಳಿತು. ಅದು ಕೊಟ್ಟ ಮೂರು ಕಾರಣಗಳಲ್ಲಿ ಕೊನೆಯದನ್ನು ಆರಿಸಿದಳು: ನೆರೆಯಲ್ಲೂ ಇದೇ.

ಪರದೆ ಯೋಚಿಸಿತು. ಮೋಡವೇ ಎಂದು ಹವಾಮಾನದ ಕಡತ ನೋಡಿತು, ಆಕಾಶ ನಿಚ್ಚಳವಾಗಿತ್ತು. ಹೊಸ ಕಟ್ಟಡವೇ ಎಂದು ನಕಾಶೆ ನೋಡಿತು, ಕಟ್ಟಡವಿರಲಿಲ್ಲ. ಹತ್ತೊಂಬತ್ತು ಮನೆಗಳು ಒಟ್ಟಿಗೆ ಎದ್ದು ಐದೂವರೆ ಅಡಿ ನಡೆಯಬಹುದು ಎಂಬುದು ಅದನ್ನು ಮಾಡಿದವರ ತಲೆಗೆ ಹೊಳೆದಿರಲಿಲ್ಲ. ಹಾಗಾಗಿ ಅದರ ತಲೆಯಲ್ಲೂ ಅದು ಇರಲಿಲ್ಲ. ಅದಕ್ಕೆ ಉಳಿದ ದಾರಿ ಒಂದೇ. ಅಕ್ಷರಗಳು ಮೂಡಿದವು.

'ಈ ಆವರಣದಲ್ಲಿ ಸೂರ್ಯ ಸರಿದಿದ್ದಾನೆ. ನಿವಾಸಿಗಳು ಸ್ಥಿರ. ಎಣಿಕೆ: ಹದಿನಾಲ್ಕು.'

ಕೊಣ್ಣೂರರು ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಸೂರ್ಯ ಸರಿದಾನ ಅಂದ್ರ ಏನಿದರ ಅರ್ಥ?"

"ನನಗೂ ತಿಳೀವಲ್ದು ಸರ್," ಅಂದಳು ಹುಲಿಗೆವ್ವ. "ಆದ್ರ ಮಷೀನು ಸುಳ್ಳು ಹೇಳೂದಿಲ್ಲಲ್ರಿ."

ಮನೆಗೆ ಬಂದಾಗ ಬಸ್ಸಿನೊಳಗೆ ಬೆಳಕಿತ್ತು. ಫಕೀರಪ್ಪ ಮೆಟ್ಟಿಲ ಮೇಲೆ ಕೂತು ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಇನ್ನ ಮ್ಯಾಲ ಮುಟ್ಟೂದಿಲ್ಲ ಬಿಡು," ಅಂದ. "ಕುಂತ್ರ ಕುಂದರ್ಲಿ ಟೈರು."

ಪಕ್ಕದ ಕಿಟಕಿಯಿಂದ ಈರಪ್ಪನ ದನಿ ಬಂತು. "ಹಂಗಂದ್ರ ಹೆಂಗ, ಕಾಕಾ? ಇವತ್ತ ನನ್ನ ಗಾಡಿ ಕೀಳಾಕ ಹನ್ನೆರಡು ಮಂದಿ ಸಾಕಾಗಲಿಲ್ಲ. ನಾಳೆ ಕ್ರೇನು ಬಂದ್ರ ಓಡಿ ಹೋಗಾಕರ ಗಾಲಿ ತಿರುಗಬೇಕಲ್ಲ. ಸೋಮವಾರಕ್ಕೊಮ್ಮೆ ಎಲ್ಲಾರೂ ಕೂಡೇ ತಳ್ಳೂಣು."

ಇಪ್ಪತ್ತೆಂಟನೇ ತಾರೀಖು ಸೋಮವಾರ, ಎಣಿಕೆ ಇಪ್ಪತ್ತೊಂದು ಮುಟ್ಟುವ ದಿನ. ಅಂದು ಹುಲಿಗೆವ್ವ ಕೆಲಸಕ್ಕೆ ಹೊರಡಲು ಸೈಕಲ್ ಹಿಡಿದವಳು, ಮತ್ತೆ ಸ್ಟ್ಯಾಂಡ್ ಹಾಕಿದಳು. ಈ ವಾರ ಅರ್ಧ ಸುತ್ತು ಹಿಂದೆ; ಬಂದು ತಮ್ಮ ಬಸ್ಸಿನ ಮುಂಬದಿಗೆ ಹೆಗಲು ಕೊಟ್ಟಳು. ಸಾಲಿನ ಉದ್ದಕ್ಕೂ ಹೆಗಲುಗಳು ಕಾಯುತ್ತಿದ್ದವು. ಫಕೀರಪ್ಪ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಂಡ.

ಮೆಹಬೂಬಿ ಸೀಟಿ ಊದಿದಳು. ಡಿಪೊದ ಮೇಲೆ ಸೂರ್ಯ ಮತ್ತೆ ಐದೂವರೆ ಅಡಿ ಸರಿದ.